ಜರಾ ಸರೀರಿ

ಶನಿವಾರ ನಸುಕಿನ ಐದೂವರೆಗೆ ಪಂದ್ಯ ಶುರು.
ವಾಡಿ ಜಂಕ್ಷನ್ನಿನ ರೇಲ್ವೆ ಕ್ವಾರ್ಟರ್ಸು, ಮೇಲಿನ ಮನೆ;
ನೀರಿನ ಟಾಕಿಯಿಂದ ಹುಣಸೆಮರಕ್ಕೆ ಎಳೆದ ತಾಮ್ರದ ತಂತಿ,
ಅದರ ಮೇಲೆ ರಾತ್ರಿಯೆಲ್ಲ ಕೂತ ಸಿಮೆಂಟಿನ ಬೂದಿ.
ಗುಂಡಿ ತಿರುಗಿಸಿ, ಸುಮ್ಮನಿರುವ ಒಂದು ಜಾಗ ಹುಡುಕಿ
ಮೂರು ಸಲ ಕೇಳಿದೆ, ಪದ್ಧತಿ ಪ್ರಕಾರ:
ಇಲ್ಲಿ ಯಾರಾದರೂ ಇದ್ದೀರಾ?
ಯಾರೂ ಇರಲಿಲ್ಲ.
ಕಿಟಕಿಯಿಂದ ಬಸ್ಸಿನ ಸೀಟಿಗೆ ದಸ್ತಿ ಎಸೆದ ಹಾಗೆ
ನನ್ನ ಹೆಸರೆಸೆದು ಕೂತೆ.

ಆಮೇಲೆ ಯುರೋಪು ತೆರೆಯಿತು.
ಪೋಲೆಂಡು, ಲಿಥುವೇನಿಯಾ, ಸ್ಪೇನಿನ ಒಬ್ಬ ಕೆಮ್ಮುವವ,
ಒಬ್ಬರ ಮೇಲೊಬ್ಬರು, ತತ್ಕಾಲ್ ಟಿಕೆಟ್ಟಿಗೆ ಬಿದ್ದ ಹಾಗೆ
(ದಿನಾ ನನ್ನ ಕೆಲಸ ಅದೇ, ಎರಡನೇ ಕಿಂಡಿ).
ಎಲ್ಲರಿಗೂ ಫೈವ್ ನೈನ್.
ಮಂಜಿನಾಚೆ ಇದ್ದವನಿಗೂ ಫೈವ್ ನೈನ್,
ಅರ್ಧ ಅಕ್ಷರ ಸಿಕ್ಕವನಿಗೂ ಫೈವ್ ನೈನ್.
ಪಂದ್ಯದಲ್ಲಿ ಎಲ್ಲರ ದನಿಯೂ ಠಣ್ ಅನ್ನುತ್ತದೆ;
ನಿಜ ಹೇಳಲು ಯಾರಿಗೂ ಪುರಸೊತ್ತಿಲ್ಲ.
ಮೈಕಿನ ಗುಂಡಿ ತುದಿಗೆ ತಿರುಗಿಸಿದೆ,
ಇನ್ನಷ್ಟು ಗಟ್ಟಿ, ಇನ್ನಷ್ಟು ದೂರ.

ಆರೂವರೆಗೆ ಬಂದರು.
ನನ್ನ ಪಕ್ಕಕ್ಕೇ, ಒಂದು ಕೂದಲೆಳೆ ಕೆಳಗೆ:
ಭಾಲ್ಕಿಯ ಘಾಳೆಪ್ಪ ಮಾಸ್ತರರು, ಸೇಡಂನ ಇಸಾಮುದ್ದೀನ್ ಸಾಬರು,
ಸುರಪುರದ ಕಂಪೌಂಡರ್ ಯಂಕೋಬ.
ಹನ್ನೊಂದು ವರ್ಷದಿಂದ ಇದೇ ಹೊತ್ತಿಗೆ, ಇದೇ ಅಂಕಿಯ ಮೇಲೆ
ಹಾಜರಿ ಹಾಕುತ್ತಾರಂತೆ.
ಯಾರದು ಸಕ್ಕರೆ ಎಷ್ಟು, ಕಾರಂಜಾ ಡ್ಯಾಮಿಗೆ ನೀರೆಷ್ಟು,
ಮಾಸ್ತರರ ಎಡಗಣ್ಣಿನ ಪಟ್ಟಿ ಬಿಚ್ಚಿದರೋ ಇಲ್ಲವೋ.

"ತಂಗಿ, ಈ ಜಾಗದಾಗ ನಾವು ದಿನಾ ಕುಂಡ್ರತೀವಿ," ಅಂದರು ಸಾಬರು.
"ಗಾಳಿಗೆ ಪಟ್ಟಾ ಇಲ್ರಿ ಕಾಕಾ," ಅಂದೆ,
ನಡುವೆ ಸ್ಲೊವೇನಿಯಾದವನಿಗೊಂದು ಫೈವ್ ನೈನ್ ಕೊಡುತ್ತ.
"ನಾ ಬಂದಾಗ ಖಾಲಿ ಇತ್ತು. ಕೇಳೇ ಕುಂತೀನಿ."
"ಅದೂ ಖರೇ," ಅಂದರು.
ಖರೇ ಅಂದವರ ಜೊತೆ ಜಗಳ ಆಡುವುದು ಹೇಗೆ?

ಅಷ್ಟರಲ್ಲಿ ಕೆಳಗೆ ಗೂಡ್ಸು ಹೋಯಿತು.
ಹಳಿಯ ಮೇಲಿನ ತಂತಿ ಚಿಟಚಿಟ ಅಂದು, ಸೂಜಿ ನೆಗೆದು,
ಪೋಲೆಂಡು ಭಾಲ್ಕಿ ಎರಡೂ ಮುಳುಗಿದವು.
ಅದಕ್ಕೆ ನನ್ನ ಹಕ್ಕೂ ಗೊತ್ತಿಲ್ಲ, ಅವರದೂ ಗೊತ್ತಿಲ್ಲ.

ಗಾಡಿ ದಾಟಿದ ಮೇಲೆ ಮಾಸ್ತರರು ಬಾಯಿಬಿಟ್ಟರು:
"ಸಿಟ್ಟಾಗಬ್ಯಾಡವ್ವ. ನಿನ್ನ ದನಿ ಒಡೀಲಾಕತ್ತದ,
ಹರಕು ತಗಡು ಬಡದಂಗ.
ಎರಡೂವರೆ ಕಿಲೋಹರ್ಟ್ಸಿನ ಸೀಟಿನಾಗ
ಮೊಣಕೈ ಎರಡೂ ಹೊರಗ ಚಾಚಿ ಕುಂತೀದಿ.
ಮೈಕ್ ಜರಾ ಇಳಸು, ನೋಡೋಣ."

ಒಂದು ಗಂಟೆಯಲ್ಲಿ ನೂರಾ ನಲವತ್ತು ಫೈವ್ ನೈನ್ ಸಿಕ್ಕಿದ್ದವು.
ನನ್ನ ದನಿ ಹೇಗಿದೆ ಅಂತ ಒಬ್ಬರೂ ಹೇಳಿರಲಿಲ್ಲ.

ಕೆಂಪು ಗೀಟು ಬಿಡುವವರೆಗೆ ಗುಂಡಿ ಇಳಿಸಿದೆ.
ಒಂದೂವರೆ ಮೇಲಕ್ಕೆ ಸರಿದೆ; ಇಟಲಿಯವನೊಬ್ಬನ ಬೆನ್ನು ತಾಗಿತು.
ಅವನೂ ಏನೋ ಗೊಣಗಿ ಅಷ್ಟಿಷ್ಟು ಸರಿದ.
ಮೂವರ ಸೀಟಿನಲ್ಲಿ ನಾಲ್ಕನೆಯವರು ಕೂರುವ ವಿದ್ಯೆ
ನಮ್ಮ ಸೇಡಂ ಬಸ್ಸಿನದು. ಅವನಿಗೆ ಯಾರು ಕಲಿಸಿದರೋ.

ಎಲ್ಲ ಸರಿಹೋಯಿತು ಅನ್ನಲಾರೆ.
ಕೂಗುವವರು ಕಡಿಮೆಯಾದರು. ಸೂರ್ಯ ಚಿಮಣಿಯ ಎತ್ತರಕ್ಕೆ ಬಂದ;
ಅಂಗಡಿಗಳು ಶಟರ್ ಎಳೆದ ಹಾಗೆ ಯುರೋಪು ಮುಚ್ಚುತ್ತ ಹೋಯಿತು.
ಹೊಟ್ಟೆ ಉರಿಯಿತು, ಸುಳ್ಳೇಕೆ.
ನನ್ನ ಎರಡು ಕರೆಗಳ ನಡುವಿನ ಸಂದಿಯಲ್ಲಿ, ತೆಳ್ಳಗೆ,
ಗೋಡೆಯಾಚಿನ ಮನೆಯ ಮಾತಿನ ಹಾಗೆ ಕೇಳುತ್ತಿತ್ತು:
ಪಟ್ಟಿ ಬಿಚ್ಚಿದ್ದಾರೆ. ಬೆಳಕು ಚುಚ್ಚುತ್ತದೆ.
ಯಂಕೋಬನ ಸಕ್ಕರೆ ನೂರಾ ಎಂಬತ್ತು, ಆದರೂ ಜಿಲೇಬಿ ತಿಂದಿದ್ದಾನೆ.

ಏಳಕ್ಕೆ ಎದ್ದರು. ಏಳುವ ಮುಂಚೆ ಸಾಬರು ಕರೆದರು:
"ತಂಗಿ, ನಿನ್ನ ರಿಪೋರ್ಟ್ ತಗೋ. ನಾಲ್ಕು, ಏಳು.
ಮೊದಲಿನಕಿಂತ ಛಲೋ ಅದ."

ಲಾಗಿನಲ್ಲಿ ಅದಕ್ಕೆ ಸೊನ್ನೆ ಅಂಕ;
ನಮ್ಮ ದೇಶದವರಿಗೆ ಸೊನ್ನೆ, ನಿಯಮ ಹಾಗಿದೆ.
ಪೆನ್ಸಿಲ್ ಹುಡುಕಿ ಕಿಟಕಿಯ ಚೌಕಟ್ಟಿನ ಮೇಲೆ ಬರೆದುಕೊಂಡೆ,
ಸಿಮೆಂಟಿನ ಧೂಳು ಒರೆಸಿ:
ನಾಲ್ಕು, ಏಳು.